ತೊಡೆಯ ಮೇಲಿನ ಕೆಂಪು ರೆಕ್ಕೆ

ಆ ದಿನ ಕೆಂಪು ವಿಮಾನವನ್ನೇ ಒಯ್ಯೋಣ ಎಂದು ಮೊದಲು ಹೇಳಿದ್ದು ನಾನೋ ಅವನೋ, ನನಗೆ ಗೊತ್ತಿಲ್ಲ. ಇದು ವಿನಯದ ಮಾತಲ್ಲ. ಈ ಪ್ರಶ್ನೆಯನ್ನು ಎಷ್ಟು ಸಲ ತಿರುವಿ ಹಾಕಿದ್ದೇನೆಂದರೆ ಈಗ ನನ್ನ ತಲೆಯಲ್ಲಿ ಒಂದೇ ದಿನದ ಎರಡು ಬೆಳಗುಗಳಿವೆ. ಒಂದರಲ್ಲಿ ಅವನು ಸ್ಟೂಲು ಹತ್ತಿ ಅಂಗಡಿಯ ಚಾವಣಿಯ ಕೊಕ್ಕೆಯಿಂದ ಬಿಳಿ ವಿಮಾನವನ್ನು ಇಳಿಸುತ್ತಿದ್ದಾನೆ, ಕೆಳಗೆ ನಿಂತ ನಾನು ‘ಅದ್ಯಾಕ್ರಿ, ಕೆಂಪಂದು ತಗೀರಿ’ ಎನ್ನುತ್ತೇನೆ. ಇನ್ನೊಂದರಲ್ಲಿ ಬಿಳಿಯದರ ಕಡೆಗೆ ಕೈ ಚಾಚಿದವನು ನಾನು. ಅವನು ಬ್ಯಾಟರಿಗೆ ನೀರು ಹಾಕುತ್ತ, ತಲೆ ಎತ್ತದೆ, ‘ಕಾಲೇಜ್ ಹುಡುಗ್ರ ಮುಂದ ಎಮ್ಮಿ ಹೊಡ್ಕೊಂಡು ಹೋಗ್ತೀರೇನ್ರಿ ಸರ್?’ ಎನ್ನುತ್ತಾನೆ. ಎರಡರಲ್ಲೂ ಬ್ಯಾಟರಿಯ ಆ್ಯಸಿಡ್ಡಿನ ಹುಳಿ ವಾಸನೆ, ಊದುಬತ್ತಿಯ ಹೊಗೆ, ಪಕ್ಕದ ಮಿರ್ಚಿ ಭಜಿ ಬಂಡಿಯ ಎಣ್ಣೆಯ ಘಾಟು ಇದೆ. ವಾಸನೆ ಇದ್ದರೆ ನೆನಪು ನಿಜ ಎಂದು ಜನ ನಂಬುತ್ತಾರೆ. ನಾನು ನಂಬುವುದಿಲ್ಲ. ಆ ಅಂಗಡಿಗೆ ನಾನು ಹೋದ ಬೆಳಗುಗಳಿಗೆಲ್ಲ ಅದೇ ವಾಸನೆ ಇತ್ತು.

ನಾನು ಸುರಪುರದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ, ಮನೆ ಶಹಾಪುರದಲ್ಲಿ. ಅವನದು ಶಹಾಪುರದಲ್ಲೇ ಇನ್ವರ್ಟರು, ಬ್ಯಾಟರಿಗಳ ಅಂಗಡಿ. ನಾನು ಅವನನ್ನು ‘ಮಾಲಕ್ರ’ ಎನ್ನುತ್ತಿದ್ದೆ, ಅವನು ನನ್ನನ್ನು ‘ಸರ್’ ಎನ್ನುತ್ತಿದ್ದ. ಎಷ್ಟೇ ಹತ್ತಿರವಾದರೂ ಎದುರಿಗೆ ಬಹುವಚನ ಬಿಟ್ಟವರಲ್ಲ. ಇಲ್ಲಿ ಏಕವಚನ ಬರೆಯುತ್ತಿದ್ದೇನೆ. ಅದರಲ್ಲಿ ಸಲಿಗೆ ಎಷ್ಟು, ಸಿಟ್ಟು ಎಷ್ಟು ಎಂದು ಕೇಳಿದರೆ ಹೇಳಲಾರೆ.

ಪರಿಚಯವಾದದ್ದು ಮನೆಯ ಇನ್ವರ್ಟರ್ ಕೆಟ್ಟಾಗ. ಅವನ ಅಂಗಡಿಯ ಚಾವಣಿಗೆ ಒಂದು ಬಿಳಿ ವಿಮಾನ ನೇತುಬಿದ್ದಿತ್ತು. ಫೋಮ್ ಹಾಳೆ ಕತ್ತರಿಸಿ ಮಾಡಿದ್ದು, ರೆಕ್ಕೆಗಳನ್ನು ರಬ್ಬರ್ ಬ್ಯಾಂಡಿನಿಂದ ಬಿಗಿದಿದ್ದು. ‘ಇದು ಹಾರ್ತದೇನ್ರಿ?’ ಎಂದೆ. ‘ನಿಮ್ಮ ಇನ್ವರ್ಟರ್‌ಕಿಂತ ಚಲೋ ನಡೀತದ’ ಎಂದ. ಮುಂದಿನ ಭಾನುವಾರ ಅವನ ಬೈಕಿನ ಹಿಂದೆ ಕೂತಿದ್ದೆ.

ನಮ್ಮ ಕಡೆ ವಿಮಾನ ಹಾರಿಸಲು ಮೈದಾನ ಹುಡುಕಬೇಕಿಲ್ಲ. ಕಾಲುವೆಯ ಕೆಳಗಿನ ಗದ್ದೆಗಳಲ್ಲಿ ಮೊದಲ ಬೆಳೆಯ ನೆಲ್ಲು ಕೊಯ್ದ ಮೇಲೆ, ಎರಡನೆಯದಕ್ಕೆ ನೀರು ಬಿಡುವ ತನಕ, ಒಣ ಕೂಳೆಯ ಬಯಲು ಖಾಲಿ ಬಿದ್ದಿರುತ್ತದೆ. ಗಾಲಿಗಳು ಅಲ್ಲಿ ಓಡುವುದಿಲ್ಲ. ಕೈಯಿಂದ ಎಸೆದು ಹಾರಿಸಬೇಕು, ಹೊಟ್ಟೆಯ ಮೇಲೆ ಇಳಿಸಬೇಕು. ಮಲಗಿದ ಬುದ್ಧನಂತೆ ಕಾಣುವ ಗುಡ್ಡದ ಕಡೆಯಿಂದ ಬಿಸಿಲೇರಿದಂತೆ ಗಾಳಿ ಏಳುತ್ತದೆ, ಅಷ್ಟರೊಳಗೆ ಮುಗಿಸಿ ಬರಬೇಕು. ನಮ್ಮಿಬ್ಬರಿಗೂ ಒಂದು ಕಟ್ಟುನಿಟ್ಟಿತ್ತು: ಹತ್ತಿ ಹೊಲದ ಹತ್ತಿರ ಹಾರಿಸುವುದಿಲ್ಲ. ಕೂಳೆಯಲ್ಲಿ ಬಿದ್ದರೆ ಯಾರಿಗೂ ನಷ್ಟವಿಲ್ಲ. ಹತ್ತಿಯಲ್ಲಿ ಬಿದ್ದರೆ ಅದನ್ನು ಹುಡುಕಲು ಗಿಡ ಮುರಿಯುತ್ತ ನಡೆಯಬೇಕು, ಬಿಡಿಸುವ ಹೆಣ್ಣುಮಕ್ಕಳ ಬೈಗುಳ ತಿನ್ನಬೇಕು.

ಬಯಲಿಗೆ ಹೋದಾಗ ಯಾರಾದರೊಬ್ಬರು ಬಂದು ನಿಲ್ಲುತ್ತಿದ್ದರು. ಒಮ್ಮೆ ಎತ್ತು ಹೊಡೆದುಕೊಂಡು ಬಂದ ಮುದುಕನೊಬ್ಬ ಬದುವಿನ ಮೇಲೆ ಕೂತು ವಿಚಾರಣೆ ನಡೆಸಿದ್ದು ನೆನಪಿದೆ.

‘ಸರ್ವೇ ಮಾಡಾಕ ಬಂದೀರೇನ್ರಿ?’

‘ಇಲ್ಲ ಕಾಕಾ.’

‘ಔಷಧ ಹೊಡೀತದೇನು ಅದು?’

‘ಇಲ್ಲ.’

‘ಫೋಟೋ ಹೊಡೀತದ?’

‘ಅದೂ ಇಲ್ಲ ಕಾಕಾ.’

‘ಮತ್ತ ಎದಕ್ಕ ಬೇಕ್ರಿ ಇದು?’

ರಿಮೋಟ್ ಹಿಡಿದಿದ್ದ ಅವನು ಆಕಾಶದಿಂದ ಕಣ್ಣು ಕದಲಿಸದೆ, ‘ಸರ್ ಅವರು ಭಾಳ ಓದ್ಯಾರ ಕಾಕಾ. ತಲಿ ಕಾದದ. ಗಾಳಿ ಹೊಡಸಾಕತ್ತೇನಿ’ ಎಂದ. ಮುದುಕ ನನ್ನನ್ನು ನಿಜವಾದ ಕನಿಕರದಿಂದ ನೋಡಿದ.

ಕೆಂಪು ವಿಮಾನ ಆಮೇಲೆ ಬಂದದ್ದು. ಅದನ್ನು ಇಬ್ಬರೂ ಸೇರಿ ಕಟ್ಟಿದೆವು. ಅದಕ್ಕೆ ಬೇಕಾದ ಹಗುರ ಮರದ ಪಟ್ಟಿಗಳ ಪಾರ್ಸೆಲ್ಲನ್ನು ಯಾದಗಿರಿಯಿಂದ ಬಿಡಿಸಿಕೊಂಡು ಬಂದಾಗ, ಬಸ್ಸಿನಲ್ಲಿ ಅದನ್ನು ಮಗುವಿನಂತೆ ಎತ್ತಿಕೊಂಡು ಕೂತದ್ದು ಅವನೇ. ಮಳೆಗಾಲ ಪೂರ್ತಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಪಟ್ಟಿ ಕೊಯ್ದೆವು, ಪಕ್ಕೆಲುಬುಗಳಂಥ ತುಂಡುಗಳನ್ನು ಸಾಲಾಗಿ ಜೋಡಿಸಿದೆವು, ಉದ್ದಕ್ಕೂ ಒಂದು ತೊಲೆ ಕೂಡಿಸಿದೆವು. ಕೊನೆಗೆ ಬಿಸಿಗೆ ಬಿಗಿಯುವ ಕೆಂಪು ಪ್ಲಾಸ್ಟಿಕ್ ಹಾಳೆಯನ್ನು ಹೊದಿಸಿ, ಮನೆಯಿಂದ ತಂದ ಇಸ್ತ್ರಿಪೆಟ್ಟಿಗೆಯಿಂದ ತೀಡಿದೆವು. ಹಾಳೆ ಬಿಗಿಯಾಗಿ ಮುಖ ಕಾಣುವಂತೆ ಹೊಳೆಯಿತು. ‘ಸರ್, ಇದರ ಮುಂದ ಆ ಬಿಳೀದು ಎಮ್ಮಿ ಕಂಡಂಗ ಕಾಣ್ತದ’ ಎಂದ. ಅಂದಿನಿಂದ ಬಿಳಿಯದು ಎಮ್ಮೆಯೇ ಆಯಿತು. ಎಮ್ಮೆಯಂತೆಯೇ ನಂಬಬಹುದಾದದ್ದು, ಬಿದ್ದರೆ ಎದ್ದು ಮೈ ಕೊಡವಿ ಮತ್ತೆ ಹಾರುತ್ತಿತ್ತು.

ಅಂಟಿನ ವಿಷಯವಾಗಿ ಮಾತ್ರ ನಮಗೆ ಜಗಳವಿತ್ತು. ಅವನ ಕೈಯಲ್ಲಿ ಎಲ್ಲ ಒಡಕಿಗೂ ಒಂದೇ ಮದ್ದು. ಕೂಡಲೇ ಹಿಡಿಯುವ ಅಂಟಿನ ಒಂದು ಹನಿ, ಅದರ ಮೇಲೆ ಚಿಟಿಕೆ ತಿನ್ನುವ ಸೋಡಾ. ಸೋಡಾ ಪಕ್ಕದ ಭಜಿ ಬಂಡಿಯಿಂದ ಬರುತ್ತಿತ್ತು. ಹನಿಗೆ ಸೋಡಾ ತಾಕಿದೊಡನೆ ಸಣ್ಣ ಹೊಗೆ ಎದ್ದು ಬಿಳಿ ಕಲ್ಲಾಗುತ್ತಿತ್ತು. ಬ್ಯಾಟರಿಯ ಮುಚ್ಚಳ, ಟಿವಿ ರಿಮೋಟು, ಚಪ್ಪಲಿ, ದೇವರ ಫೋಟೋದ ಕಟ್ಟು, ಹೀಗೆ ಓಣಿಯ ಅರ್ಧ ಸಾಮಾನುಗಳಲ್ಲಿ ಅವನ ಬಿಳಿ ಕಲ್ಲು ಇತ್ತು. ಗಟ್ಟಿಯೇನೋ ಹೌದು, ಆದರೆ ಅದಕ್ಕೆ ಬಳುಕು ಇಲ್ಲ. ಬಳುಕುವ ತೊಲೆಯಲ್ಲಿ ಬಳುಕದ ಗಂಟು ಇದ್ದರೆ ಅದರ ಪಕ್ಕದಲ್ಲೇ ಮುರಿಯುತ್ತದೆ. ಇದನ್ನು ನಾನು ಕರಿಹಲಗೆಯ ಮೇಲೆ ಬರೆದಂತೆ ಅವನಿಗೆ ವಿವರಿಸಿದ್ದೆ. ಕೆಂಪಿನೊಳಗೆ ಎರಡು ಟ್ಯೂಬು ಕಲಸಿ ಹಚ್ಚುವ, ರಾತ್ರಿಯೆಲ್ಲ ಒಣಗುವ ಅಂಟು ಬಿಟ್ಟು ಬೇರೆಯದು ಬೇಡ ಎಂದು ಅವನಿಂದ ಮಾತು ತೆಗೆದುಕೊಂಡಿದ್ದೆ. ‘ಆತು ಬಿಡ್ರಿ ಸರ್, ಮದಿವಿ ಹೆಣ್ಣಿಗೆ ಅರಿಷಿಣ ಹಚ್ಚಿದಂಗ ನಿಧಾನ ಹಚ್ಚೋಣು’ ಎಂದಿದ್ದ. ಇದು ನನಗೆ ಸ್ಪಷ್ಟವಾಗಿ ನೆನಪಿದೆ, ಅಥವಾ ಸ್ಪಷ್ಟವಾಗಿ ನೆನಪಿಟ್ಟುಕೊಳ್ಳುವ ಅಗತ್ಯ ನನಗೆ ಬಿದ್ದಿದೆ.

ಒಂದು ಬೈಕಿನ ಮೇಲೆ ಎರಡು ವಿಮಾನ ಹೋಗುವುದಿಲ್ಲ. ಹಾಗಾಗಿ ಪ್ರತಿ ಭಾನುವಾರ ಅಂಗಡಿಯ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಯಾವುದನ್ನು ಒಯ್ಯುವುದು ಎಂಬ ಪಂಚಾಯಿತಿ ನಡೆಯುತ್ತಿತ್ತು. ಹೊರಗಿನವರು ಗಾಳಿ ನೋಡಿ ವಿಮಾನ ಆರಿಸುತ್ತೇವೆಂದು ತಿಳಿದಾರು. ನಾವು ತೊಡೆ ನೋಡಿ ಆರಿಸುತ್ತಿದ್ದೆವು. ಎಮ್ಮೆಯ ರೆಕ್ಕೆ ಬಿಚ್ಚಿ ಬೈಕಿನ ಮಗ್ಗುಲಿಗೆ ಕಟ್ಟಬಹುದು. ಕೆಂಪಿನ ರೆಕ್ಕೆ ಒಂದೇ ಉದ್ದದ್ದು, ಹಗುರದ್ದು, ಕಟ್ಟಿದರೆ ಸೀಳುವಂಥದ್ದು. ಅದನ್ನು ಹಿಂದೆ ಕೂತವನು ತೊಡೆಯ ಮೇಲೆ ಉದ್ದಕ್ಕೆ, ಅಂಚಿನ ಮೇಲೆ ನಿಲ್ಲಿಸಿಕೊಳ್ಳಬೇಕು. ಒಂದು ತುದಿ ಓಡಿಸುವವನ ಕಿವಿ ದಾಟಿ ಮುಂದೆ ಚಾಚುತ್ತದೆ, ಇನ್ನೊಂದು ತುದಿ ಬೆನ್ನ ಹಿಂದೆ. ಎದುರಿಗೆ ಲಾರಿ ಬಂದರೆ ರೆಕ್ಕೆ ತನ್ನ ಗುಣ ತೋರಿಸಿ ಮೇಲೇಳಲು ನೋಡುತ್ತದೆ, ಎರಡೂ ಕೈಯಿಂದ ಅದುಮಬೇಕು, ತೊಡೆ ಮರಗಟ್ಟುತ್ತದೆ. ಆದ್ದರಿಂದ ನಿಯಮ ಹುಟ್ಟಿತು: ಯಾರ ತೊಡೆಯೋ ಅವರ ಮಾತು. ಹಿಂದೆ ಕೂರುವವನು ಒಪ್ಪಿದರೆ ಮಾತ್ರ ಕೆಂಪು.

‘ಇವತ್ತ ಯಾರಿಗದ ತೊಡಿ ಭಾಗ್ಯ?’ ಎಂದು ಅವನು ಕೇಳುತ್ತಿದ್ದ. ಭಜಿ ಬಂಡಿಯವಳು ಬಾಣಲೆಯಿಂದ ಮುಖ ಎತ್ತದೆ, ‘ನಿಮ್ಮಿಬ್ಬರದು ನೋಡಿದ್ರ ನಿಮ್ಮ ಮನ್ಯಾಗಿನವರು ಎದಿ ಒಡ್ಕೋತಾರ’ ಎನ್ನುತ್ತಿದ್ದಳು.

ಸುರಪುರದ ನಮ್ಮ ಕಾಲೇಜಿನಲ್ಲಿ ವಿಜ್ಞಾನದ ಕಾರ್ಯಕ್ರಮ ಇಟ್ಟುಕೊಂಡಾಗ ವಿಮಾನ ಹಾರಿಸಿ ತೋರಿಸುತ್ತೇನೆಂದು ಒಪ್ಪಿಕೊಂಡವನು ನಾನು. ಇದರಲ್ಲಿ ಅನುಮಾನವಿಲ್ಲ. ಜನವರಿಯ ತಂಪು ಬೆಳಗು. ಅಂಗಡಿಯಲ್ಲಿ ಮೇಲೆ ಹೇಳಿದ ಎರಡು ಮಾತುಗಳಲ್ಲಿ ಒಂದು ನಡೆಯಿತು, ಅಥವಾ ಎರಡೂ ನಡೆಯಲಿಲ್ಲ. ಕೆಂಪು ವಿಮಾನ ಬೈಕು ಹತ್ತಿತು. ಸುರಪುರದ ದಾರಿಯಲ್ಲಿ ಅವನ ಅಂಗಿಯ ಕಾಲರಿನ ಹಿಂಭಾಗವನ್ನು ನೋಡುತ್ತ ರೆಕ್ಕೆ ಅದುಮಿಕೊಂಡು ಕೂತಿರುವುದು ನೆನಪಿದೆ. ಬೈಕು ಓಡಿಸುತ್ತಿರುವ ನನ್ನ ಕಿವಿಗೆ ರೆಕ್ಕೆಯ ತುದಿ ತಾಕಿ ಕಚಗುಳಿಯಾದದ್ದೂ ನೆನಪಿದೆ. ಎರಡರಲ್ಲಿ ಒಂದು ಬೇರೆ ಭಾನುವಾರದ್ದಿರಬೇಕು. ರೆಕ್ಕೆಯ ಎಡಭಾಗದಲ್ಲಿ ಅಂಗೈಯಗಲದ ಹಾಳೆ ಉಳಿದ ಕಡೆಗಿಂತ ಹೊಸದಾಗಿ ಹೊಳೆಯುತ್ತಿತ್ತು ಎಂದೂ ನೆನಪಿದೆ. ಆದರೆ ಈ ನೆನಪನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮುಂದಿನದು ಗೊತ್ತಾದ ಮೇಲೆ ಅದನ್ನು ನಾನೇ ಅಲ್ಲಿ ಅಂಟಿಸಿರುವ ಸಾಧ್ಯತೆ ಹೆಚ್ಚು.

ಖಾತ್ರಿಯಿರುವ ಒಂದು ಮಾತಿದೆ, ಏಕೆಂದರೆ ಅದನ್ನು ಕೇಳಿದವರು ಬೇರೆಯವರೂ ಇದ್ದಾರೆ. ಯಾವಾಗಲೂ ಎಸೆಯುವವನು ನಾನು, ರಿಮೋಟ್ ಅವನದು. ಮೇಲಕ್ಕೆ ಹೋಗಿ ನೆಟ್ಟಗಾದ ಮೇಲೆ ನನ್ನ ಕೈಗೆ ಕೊಡುತ್ತಿದ್ದ. ಅಂದು ಕಾಲೇಜಿನ ಮೈದಾನದಲ್ಲಿ, ನಮ್ಮ ಪ್ರಾಂಶುಪಾಲರ ಎದುರಿಗೆ, ರಿಮೋಟಿನ ಪಟ್ಟಿಯನ್ನು ತನ್ನ ಕೊರಳಿನಿಂದ ತೆಗೆದು ನನ್ನ ಕೊರಳಿಗೆ ಹಾಕಿದ.

‘ನಿಮ್ಮ ಕಾಲೇಜು, ನಿಮ್ಮ ಹುಡುಗ್ರು. ಇವತ್ತ ಶುರುವಿನಿಂದ ನೀವ ಹಾರಸ್ರಿ ಸರ್.’

‘ಬ್ಯಾಡ್ರಿ ಮಾಲಕ್ರ, ಮೊದಲ ನೀವು ಒಂದು ಸುತ್ತು ಹೊಡೀರಿ.’

‘ಏ, ಹೆದರ್ತೀರೇನ್ರಿ? ನಾ ಎಸೀತೇನಿ. ಹಿಡೀರಿ.’

ಪ್ರಾಂಶುಪಾಲರು ನಕ್ಕು, ‘ಅವರು ಗೌರವ ಕೊಡಾಕತ್ತಾರ, ತಗೋರಿ’ ಎಂದರು. ನಾನು ಅದನ್ನು ಗೌರವವೆಂದೇ ತಗೊಂಡೆ. ನನ್ನ ಕೊರಳು ಬಗ್ಗಿದ್ದು ಹಾರಕ್ಕೆ ಬಗ್ಗಿದಂತೆ.

ಅವನು ಎಸೆದ. ವಿಮಾನ ಏರಿತು. ಮೊದಲ ಸುತ್ತು ಅಗಲವಾಗಿ ಹೋಯಿತು, ಹುಡುಗ ಹುಡುಗಿಯರು ಸಿಳ್ಳೆ ಹಾಕಿದರು. ಎರಡನೆಯ ಸುತ್ತಿನಲ್ಲಿ ಬಿಸಿಲಿನ ದಿಕ್ಕಿನಿಂದ ನಮ್ಮ ಕಡೆಗೆ ತಿರುಗಿಸಿ, ಕೆಳಗೆ ತಂದು, ಮತ್ತೆ ಮೇಲಕ್ಕೆ ಎಳೆದೆ. ಕಣ್ಣಿಗೆ ಬಿಸಿಲು ಹೊಡೆಯಿತು. ಅಷ್ಟರಲ್ಲಿ ಅದು ಎಡಕ್ಕೆ ಮಗುಚಿ ಬೆನ್ನಡಿಯಾಗಿ ನೇರ ಕೆಳಕ್ಕೆ ಬಂತು. ಸದ್ದು ಸಣ್ಣದು, ಒಣ ಸಂಡಿಗೆ ಮುರಿದಂತೆ.

ಅವನು ಎಲ್ಲರಿಗಿಂತ ಮೊದಲು ಓಡಿದ. ನಾನು ಹೋಗುವಷ್ಟರಲ್ಲಿ ಚೂರುಗಳನ್ನು ಚೀಲಕ್ಕೆ ತುಂಬುತ್ತಿದ್ದ.

‘ನನ್ನ ಕೈ ತಪ್ಪೇನ್ರಿ?’ ಎಂದೆ.

ಅವನು ತಲೆ ಎತ್ತಿ ನೋಡಿದ. ಆ ನೋಟದಲ್ಲಿ ಏನಿತ್ತೆಂದು ಈಗ ಬರೆಯಹೋದರೆ ಏನು ಬೇಕಾದರೂ ಬರೆಯಬಹುದು, ಅದಕ್ಕೇ ಬಿಡುತ್ತೇನೆ. ಅವನು ಹೇಳಿದ್ದು ಇದು: ‘ಎದುರಿಗಿ ಬರೂವಾಗ ಎಡಾ ಬಲಾ ತಿರುವುಮುರುವು ಆಗ್ತದಲ್ಲ ಸರ್. ಬಲಕ್ಕ ಒತ್ತಬೇಕಿತ್ತು, ಎಡಕ್ಕ ಒತ್ತಿದ್ರಿ.’

ಇದು ಹೊಸದಾಗಿ ಹಾರಿಸುವವರೆಲ್ಲ ಮಾಡುವ ತಪ್ಪು. ವಿಮಾನ ದೂರ ಹೋಗುವಾಗ ಅದರ ಬಲವೇ ನಮ್ಮ ಬಲ; ಎದುರಿಗೆ ಬರುವಾಗ ಅದರ ಬಲ ನಮ್ಮ ಎಡ. ನಾನೇ ಇದನ್ನು ವಿದ್ಯಾರ್ಥಿಗಳಿಗೆ ಚಿತ್ರ ಬರೆದು ಹೇಳಿಕೊಟ್ಟಿದ್ದೆ. ಹಾಗಾಗಿ ಅವನ ಮಾತಿನಲ್ಲಿ ಅನುಮಾನಿಸುವಂಥದ್ದೇನೂ ಇರಲಿಲ್ಲ. ಬೇರೆ ಯಾರ ಮಾತನ್ನೂ ನಂಬದ ನಾನು ಇದನ್ನು ನಂಬಿದೆ. ಅಂದೇ ಸಂಜೆಯೊಳಗೆ ನನ್ನ ಬಲಗೈ ಹೆಬ್ಬೆರಳು ಎಡಕ್ಕೆ ಸರಿದದ್ದು ನನಗೆ ಕಣ್ಣಾರೆ ಕಂಡಂತೆ ನೆನಪಿತ್ತು. ಕಟ್ಟುವುದಕ್ಕೆ ಮಳೆಗಾಲ ಹಿಡಿದ ವಿಮಾನವನ್ನು ನಾನು ಮುರಿದಿದ್ದೆ, ಅದೂ ಅವನ ಅರ್ಧ ಪಾಲನ್ನೂ ಸೇರಿಸಿ. ಅಂಗಡಿಗೆ ಹೋಗಿ ಕೈ ಮುಗಿದು, ತಪ್ಪಾಯಿತು ಎಂದೆ.

‘ಏ, ಕೈ ಯಾಕ ಮುಗೀತೀರಿ? ವಿಮಾನ ಅಂದಮ್ಯಾಲ ಬೀಳ್ತದ. ಹೋಗ್ಲಿ ಬಿಡ್ರಿ’ ಎಂದ. ಚಹಾ ತರಿಸಿದ. ಆ ಚಹಾವನ್ನು ನಾನು ಎಷ್ಟು ಕೃತಜ್ಞತೆಯಿಂದ ಕುಡಿದೆನೆಂದರೆ ಈಗ ನೆನೆದರೆ ನಾಲಿಗೆ ಕಹಿಯಾಗುತ್ತದೆ.

ಚೂರುಗಳನ್ನು ತಾನೇ ಎಸೆಯುತ್ತೇನೆ ಎಂದಿದ್ದ. ನನಗೆ ಮನಸ್ಸಾಗಲಿಲ್ಲ. ಮೋಟಾರು, ರಿಸೀವರು ಇರುವ ಒಡಲು ಅವನಿಗಿರಲಿ, ನನಗೆ ಎಡ ರೆಕ್ಕೆಯ ಅರ್ಧ ಸಾಕು ಎಂದು ಚೀಲದಿಂದ ಎಳೆದುಕೊಂಡೆ.

‘ಅದನ್ನ ತಗೊಂಡು ಏನ್ ಮಾಡ್ತೀರಿ ಸರ್?’

‘ನೆನಪಿಗೆ ಇರ್ಲಿ.’

‘ಮನ್ಯಾಗ ಮುರಕ ಸಾಮಾನ ಇಡಬಾರದು ಅಂತಾರ್ರಿ.’

‘ನಾ ನಂಬೂದಿಲ್ಲ.’

‘ನೀವು ಏನ್ ನಂಬ್ತೀರಿ ಹೇಳ್ರಿ’ ಎಂದು ನಕ್ಕ.

ಮತ್ತೆ ನಾನು ಹಾರಿಸಲಿಲ್ಲ. ಅವನು ಎರಡು ಭಾನುವಾರ ಕರೆದ, ಬಲವಂತ ಮಾಡಲಿಲ್ಲ. ನನಗಾಗಿ ತರಿಸಿಕೊಂಡಿದ್ದ ಹೊಸ ರಿಮೋಟನ್ನು ಪೆಟ್ಟಿಗೆ ಸಮೇತ ಅವನಿಗೇ ಕೊಟ್ಟೆ. ಅವನು ಎಮ್ಮೆಯನ್ನು ತಗೊಂಡು ಶಾಲೆ ಕಾಲೇಜುಗಳಿಗೆ ಹೋಗತೊಡಗಿದ. ‘ವಿಮಾನದ ಮಾಲಕ್ರು’ ಎಂದರೆ ಯಾದಗಿರಿಯವರೆಗೂ ಗೊತ್ತು ಎನ್ನುವಂತಾಯಿತು. ಯಾದಗಿರಿಯಲ್ಲಿ ಒಂದು ಶಾಲೆಯ ಕಾರ್ಯಕ್ರಮಕ್ಕೆ ನನ್ನನ್ನೂ ಕರೆದುಕೊಂಡು ಹೋದ. ಮೈಕು ಹಿಡಿದು, ಮುಂದಿನ ಸಾಲಿನಲ್ಲಿ ಕೂತಿದ್ದ ನನ್ನ ಕಡೆ ಕೈ ಮಾಡಿ, ‘ಇವರು ನಮ್ಮ ಸರ್. ಭಾಳ ದೊಡ್ಡ ಓದು. ಆದರ ನೋಡ್ರಿ, ಎದುರಿಗಿ ಬಂದಾಗ ಎಡಾ ಬಲಾ ತಪ್ಪಿ ನಮ್ಮ ಚಲೋ ವಿಮಾನ ಇವರ ಕೈಯಾಗ ಹೋತು. ಓದೂದು ಬ್ಯಾರೆ, ಕೈ ಬ್ಯಾರೆ. ನೀವು ಎರಡೂ ಕಲೀರಿ’ ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಹಿಂದಿನಿಂದ ಯಾರೋ ‘ಅಯ್ಯೋ ಪಾಪ’ ಎಂದರು. ನಾನೂ ಚಪ್ಪಾಳೆ ತಟ್ಟಿದೆ. ಇದು ನೆನಪಿನ ಮೋಸವಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ಆದರೆ ಅಂಗೈ ಉರಿದದ್ದು ಗೊತ್ತಿದೆ.

ರೆಕ್ಕೆ ನನ್ನ ಪುಸ್ತಕದ ಕಪಾಟಿನ ಮೇಲೆ ಧೂಳು ತಿನ್ನುತ್ತಿತ್ತು. ಬೇಸಿಗೆಗೆ ಶಾವಿಗೆ, ಸಂಡಿಗೆ ಒಣಗಿಸುವಾಗ ನನ್ನ ಹೆಂಡತಿ ಅದನ್ನು ಮಾಳಿಗೆಗೆ ಒಯ್ದು ಹಗ್ಗಕ್ಕೆ ಕಟ್ಟಿದಳು. ಗಾಳಿಗೆ ತಿರುಗಿ ಮಿಂಚುವ ಕೆಂಪು ಕಂಡರೆ ಗುಬ್ಬಿ ಪಾರಿವಾಳ ಹತ್ತಿರ ಬರುವುದಿಲ್ಲ ಎಂಬುದು ಅವಳ ಲೆಕ್ಕ. ‘ನಿಮ್ಮ ಕೈಯಾಗ ಹಾರಲಿಲ್ಲ, ನನ್ನ ಸಂಡಿಗಿ ಕಾಯಾಕತ್ತದ’ ಎಂದಳು. ನನಗೆ ನಗು ಬಂತು. ಬಿದ್ದ ಮೇಲೆ ಆ ವಿಮಾನದ ಮಾತಿಗೆ ನಗು ಬಂದದ್ದು ಅದೇ ಮೊದಲು.

ನಮ್ಮ ಬೇಸಿಗೆ ಗೊತ್ತಲ್ಲ. ಕೆಂಪು ಹಾಳೆ ಮೊದಲು ಬಣ್ಣ ಬಿಟ್ಟಿತು, ಆಮೇಲೆ ಬಿರಿಯಿತು. ಮಳೆಗೆ ಮುಂಚೆ ಅದನ್ನು ಇಳಿಸಲು ಹೋದಾಗ ಹಾಳೆಯ ಸುರುಳಿ ನನ್ನ ಕೈಗೆ ಬಂತು. ಒಳಗಿನ ಪಕ್ಕೆಲುಬುಗಳು ಕಂಡವು. ತೊಲೆ ಮುರಿದ ಜಾಗ ಕಂಡಿತು. ಆ ಮುರುಕಿನ ತೀರ ಪಕ್ಕದಲ್ಲಿ ಬಿಳಿ ಕಲ್ಲು ಇತ್ತು.

ಮೊದಲು ಬಂದದ್ದು ಸಿಟ್ಟಲ್ಲ, ಎಂದಿನ ಅನುಮಾನ. ಕಟ್ಟುವಾಗಲೇ ನಾನಿಲ್ಲದ ಹೊತ್ತು ಅವನು ಒಂದು ಹನಿ ಹಾಕಿರಬಹುದು. ಅಥವಾ ಆ ಮಳೆಗಾಲದಲ್ಲಿ ನಾನೇ ಹಾಕಿ ಮರೆತಿರಬಹುದು. ಒಂದು ವಿಮಾನ ತನ್ನ ಹೆಬ್ಬೆರಳಿನಿಂದ ಬಿತ್ತು ಎಂದು ಚಿತ್ರ ಸಮೇತ ನೆನಪಿಸಿಕೊಂಡವನು ಇದನ್ನು ಮರೆಯಲಾರನೇ? ಕೆಳಗಿನಿಂದ ಹೆಂಡತಿ ‘ಏನ್ ನೋಡಾಕತ್ತೀರಿ ಅಷ್ಟೊತ್ತು?’ ಎಂದಳು. ‘ಏನಿಲ್ಲ’ ಎಂದೆ. ಕಲ್ಲಿನೊಳಗೆ ಕಂದು ಬಣ್ಣದ ಏನೋ ಒಂದು ಚೂರು ಸಿಕ್ಕಿಕೊಂಡಿತ್ತು. ಅದರ ಸುತ್ತ ಬೂಸಲು ಹಿಡಿದಂತೆ ಒಂದಿಷ್ಟು ಎಳೆ.

ಮರುದಿನ ಅಂಗಡಿಗೆ ಹೋದೆ. ರೆಕ್ಕೆ ಒಯ್ಯಲಿಲ್ಲ. ಅವನು ಸಾಲಾಗಿ ಇಟ್ಟ ಬ್ಯಾಟರಿಗಳಿಗೆ ನೀರು ಹಾಕುತ್ತಿದ್ದ.

‘ಬರ್ರಿ ಸರ್, ಎಷ್ಟ ದಿನಾ ಆತು. ಕೂಡ್ರಿ. ಏ ಅಕ್ಕಾ, ಸರ್‌ಗೆ ಒಂದು ಪ್ಲೇಟ್ ಭಜಿ ಕೊಡ್ರಿ.’

‘ಭಜಿ ಬ್ಯಾಡ. ಒಂದು ಮಾತು ಕೇಳಬೇಕಿತ್ತು. ಕೆಂಪಂದು, ಸುರಪುರಕ್ಕ ಒಯ್ಯೂದಕಿಂತ ಮೊದಲ, ಎಲ್ಲಿಯಾದರೂ ಬಿದ್ದಿತ್ತೇನ್ರಿ?’

ನೀರಿನ ಧಾರೆ ನಿಲ್ಲಲಿಲ್ಲ. ‘ಇಲ್ಲಲ್ಲ.’

‘ನಾ ಇಲ್ಲದಾಗ? ಸುಮ್ಮ, ಒಂದ್ಸಲ?’

‘ನೀವು ಇಲ್ಲದಾಗ ಕೆಂಪಂದು ಹ್ಯಾಂಗ ಒಯ್ಯಾಕ ಆಗ್ತದ್ರಿ? ತೊಡಿ ಯಾರದು?’ ಎಂದು ನಕ್ಕ. ಆಮೇಲೆ ಮುಚ್ಚಳ ತಿರುಗಿಸುತ್ತ, ‘ಯಾಕ್ರಿ, ಈಗ ಯಾಕ ಅದು? ಅದು ಬಿದ್ದದ್ದು ಒಮ್ಮೆ ಸರ್. ನಿಮ್ಮ ಕೈಯಾಗ. ನಾ ಏನರ ಅಂದೇನೇನು ಅದಕ್ಕ? ಒಂದು ಮಾತು ಅಂದೇನಿ?’

‘ಇಲ್ಲ. ಅಂದಿಲ್ಲ.’

‘ಮತ್ತ?’

ಯಾದಗಿರಿಯ ಮೈಕು ನೆನಪಾಯಿತು. ‘ಅವತ್ತ ಕೆಂಪಂದು ಒಯ್ಯೋಣ ಅಂದವರು ಯಾರು?’ ಎಂದೆ.

‘ನೀವ. ನಾ ಸ್ಟೂಲ್ ಮ್ಯಾಲೆ ನಿಂತು ಬಿಳೀದು ತಗ್ಯಾಕತ್ತಿದ್ದೆ. ನೀವ ಬ್ಯಾಡ ಅಂದ್ರಿ. ತೊಡಿ ನಿಮ್ಮದು, ಮಾತು ನಿಮ್ಮದು.’

ಇದು ನಿಜವಿರಬಹುದು. ಇಲ್ಲಿಯೇ ನಾನು ಇಂದಿಗೂ ಸಿಕ್ಕಿಕೊಂಡಿದ್ದೇನೆ. ಅವನು ಬಿಳಿಯದನ್ನು ಇಳಿಸುತ್ತಿದ್ದದ್ದು ನಿಜವಾದರೆ, ಬಾಯಿ ಬಿಟ್ಟು ಹೇಳದೆಯೇ ನನ್ನನ್ನು ತಡೆಯಲು ನೋಡಿದ್ದಾನೆ. ತಡೆಯಲಾಗದಿದ್ದಾಗ ರಿಮೋಟನ್ನು ತನ್ನ ಕೊರಳಿನಿಂದ ನನ್ನ ಕೊರಳಿಗೆ ದಾಟಿಸಿದ್ದಾನೆ. ಮುರಿಯುವುದಾದರೆ ತನ್ನ ಕೈಯಲ್ಲಿ ಮುರಿಯದಿರಲಿ ಎಂದು. ಮುರಿಯದಿರಲೂಬಹುದು ಎಂಬ ಆಸೆಯೂ ಇದ್ದಿರಬಹುದು, ಬಿಳಿ ಕಲ್ಲಿನ ಮೇಲೆ ಅವನಿಗೆ ಅಷ್ಟು ಭರವಸೆ. ಅದನ್ನೆಲ್ಲ ನಾನು ಕ್ಷಮಿಸಬಲ್ಲೆ ಅನ್ನಿಸುತ್ತದೆ. ಒಂದು ಒಳ್ಳೆಯ ಸಾಮಾನು ಮುರಿದವನು ಯಾರಿಗಾದರೂ ಹೇಳಲು ಅಂಜುತ್ತಾನೆ. ಆದರೆ ನಾನು ಕೈ ಮುಗಿದಾಗ ಅವನು ಸುಮ್ಮನೆ ಕೂತು ನನ್ನನ್ನು ಕ್ಷಮಿಸಿದ. ಚಹಾ ಕುಡಿಸಿ ಕ್ಷಮಿಸಿದ. ಮೈಕಿನಲ್ಲಿ ಕ್ಷಮಿಸಿದ. ಅವನು ದೊಡ್ಡ ಮನಸ್ಸಿನವನೆಂದು ಓಣಿಯೆಲ್ಲ ಹೇಳಿತು, ನಾನೂ ಹೇಳಿಕೊಂಡು ತಿರುಗಿದೆ.

ಇಷ್ಟೆಲ್ಲ ನಿಂತಿರುವುದು ಆ ಬಿಳಿ ಕಲ್ಲು ಯಾವಾಗಿನದು ಎಂಬುದರ ಮೇಲೆ. ಕಟ್ಟುವಾಗಿನದಾದರೆ ಅವನು ನಿರಪರಾಧಿ, ನಾನು ಸಂಶಯದ ಪಿಶಾಚಿ. ಹಾಗಾಗಿ ಆ ಭಾಗವನ್ನು ಗರಗಸದಿಂದ ಕೊಯ್ದು ಡಬ್ಬಿಯಲ್ಲಿಟ್ಟು ಕಾಲೇಜಿಗೆ ಒಯ್ದು, ಸಸ್ಯಶಾಸ್ತ್ರ ಕಲಿಸುವ ಸಹೋದ್ಯೋಗಿಯ ಮೇಜಿನ ಮೇಲಿಟ್ಟೆ. ಎಲ್ಲಿಂದ ಬಂತೆಂದು ಹೇಳಲಿಲ್ಲ. ‘ಮೇಡಂ, ಸೂಕ್ಷ್ಮದರ್ಶಕದಾಗ ನೋಡಿ ಇದು ಏನಂತ ಹೇಳ್ರಿ.’

ಅವರು ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ‘ಇದಕ್ಕ ಸೂಕ್ಷ್ಮದರ್ಶಕ ಯಾಕ್ರಿ ಸರ್? ನಮ್ಮ ಅವ್ವಗ ತೋರಿಸಿದ್ರೂ ಹೇಳ್ತಾಳ. ಹತ್ತಿ ಕಾಯಿ ಸಿಪ್ಪಿ.’ ಆದರೂ ಇಟ್ಟು ನೋಡಿದರು. ನನ್ನನ್ನೂ ನೋಡಲು ಕರೆದರು. ಎಳೆಗಳು ಹಿಂಡಿದ ರಿಬ್ಬನ್ನಿನಂತೆ ಸುರುಳಿಸುರುಳಿಯಾಗಿದ್ದವು.

ಶಹಾಪುರದಲ್ಲಿ ಹತ್ತಿಯ ಎಳೆ ಸಾಕ್ಷಿಯಾಗಲಾರದು. ಸುಗ್ಗಿಯಲ್ಲಿ ಮಿಲ್ಲುಗಳ ಹತ್ತಿರ ಅದು ಗಾಳಿಯಲ್ಲೇ ಇರುತ್ತದೆ, ಚಹಾದಲ್ಲಿ ಬೀಳುತ್ತದೆ, ಅಂಗಡಿಯ ಬಾಗಿಲಿಗೆ ಅಂಟುತ್ತದೆ. ಆದರೆ ಕಾಯಿಯ ಒಣ ಸಿಪ್ಪೆ ಗಾಳಿಯಲ್ಲಿ ಹಾರಿ ಬರುವುದಿಲ್ಲ. ಅದು ಹೊಲದಲ್ಲಿ, ಗಿಡದ ಮೇಲೆ ಇರುತ್ತದೆ. ನಾವು ರೆಕ್ಕೆ ಕಟ್ಟಿದ್ದು ಮಳೆಗಾಲದಲ್ಲಿ, ಆಗ ಹೊಲದಲ್ಲಿ ಹತ್ತಿ ಇನ್ನೂ ಮೊಣಕಾಲೆತ್ತರದ ಸಸಿ. ಕಾಲೇಜಿನ ಮೈದಾನದಲ್ಲಿ ಬೇವಿನ ಮರ ಬಿಟ್ಟರೆ ಏನೂ ಇಲ್ಲ. ಅಂದರೆ ಇವೆರಡರ ನಡುವೆ ಯಾವಾಗಲೋ ಕೆಂಪು ಒಂದು ಹತ್ತಿ ಹೊಲದಲ್ಲಿ ಬಿದ್ದು ತೊಲೆ ಮುರಿದುಕೊಂಡಿತ್ತು, ಬಿಳಿ ಕಲ್ಲು ಆಮೇಲಿನದು. ಸಗರದ ಕಡೆ ಅವನ ಅಕ್ಕನ ಮನೆಯವರಿಗೆ ಹತ್ತಿ ಹೊಲ ಇರುವುದು ನನಗೆ ಗೊತ್ತು. ಅದರಿಂದ ಏನಾದರೂ ಸಾಬೀತಾಗುತ್ತದೆ ಎಂದು ನಾನು ಹೇಳುತ್ತಿಲ್ಲ. ಅವರ ಮನೆಗೆ ಹೋಗಿ ಕೇಳಬಹುದಿತ್ತು. ಹೋಗಲಿಲ್ಲ. ಯಾರೋ ಒಬ್ಬರ ನೆನಪನ್ನು ತಂದು ನನ್ನ ನೆನಪಿನ ಪಕ್ಕ ಇಟ್ಟುಕೊಂಡು ಏನು ಮಾಡಲಿ.

ಅಂದು ತೊಡೆ ಯಾರದಿತ್ತು, ಮಾತು ಯಾರದಿತ್ತು, ನನ್ನ ಹೆಬ್ಬೆರಳು ಎತ್ತ ಸರಿಯಿತು, ಯಾವುದನ್ನೂ ನಾನು ಪ್ರಮಾಣ ಮಾಡಿ ಹೇಳಲಾರೆ. ಮುಂದಿನ ಸುಗ್ಗಿಯಲ್ಲಿ ಬಸ್ಸು ಇಳಿದು, ದಾರಿ ಬದಿಯ ಬಿಡಿಸಿ ಮುಗಿದ ಹೊಲದಿಂದ ಒಂದು ಒಣಗಿದ ಹತ್ತಿ ಕಾಯಿ ತಂದು, ಸಿಪ್ಪೆ ಒಡೆದು, ಅಂಟಿನೊಳಗಿನ ಚೂರಿನ ಪಕ್ಕದಲ್ಲಿಟ್ಟು ನೋಡಿದೆ. ಹೊರಗೆ ಅದೇ ಕಂದು, ಒಳಗೆ ಅದೇ ನುಣುಪು ಬಿಳುಪು, ತುದಿಗೆ ಅದೇ ಮುಳ್ಳಿನಂಥ ಚೂಪು. ಅದು ಹತ್ತಿ ಕಾಯಿಯ ಸಿಪ್ಪೆಯೇ.